ಒಂದೇ ದಿನದಲ್ಲಿ ಬೆಳೆದ ಚಿಕ್ಕವಳು

ರೀ, ಪಾಳಿಗೆ ಹೊರಟೆ. ಮಕ್ಕಳನ್ನು ಪಾರ್ಕಿಗೆ ಕರೆದೊಯ್ಯುವ ಮುಂಚೆ ಇದನ್ನು ಓದಿ.

ರೋಲರ್ ಕೋಸ್ಟರ್ ಹತ್ತಲು ನೂರಿಪ್ಪತ್ತು ಸೆಂಟಿಮೀಟರ್ ಎತ್ತರ ಇರಬೇಕು. ಮೊನ್ನೆ ನಾನು ಅಳೆದಾಗ ಚಿಕ್ಕವಳು ನೂರ ಹದಿನೇಳಿದ್ದಳು. ನಿನ್ನೆ ನೀವು ಶೂ ಹಾಕಿಸಿ ಅಳೆದರೆ ನೂರಿಪ್ಪತ್ತೊಂದು! ಆಗಲೇ ನನಗೆ ಅನುಮಾನ ಬಂತು. ಶೂ ಒಳಗೆ ಮಡಚಿಟ್ಟಿದ್ದ ನಿಮ್ಮ ಕಾಲುಚೀಲ ಒಗೆಯಲು ಹಾಕಿದ್ದೇನೆ.

"ಯಾರೇ ಇಟ್ಟಿದ್ದು?" ಅಂದೆ.

"ಅಪ್ಪ ಹೇಳ್ಬೇಡ ಅಂದಿದಾರೆ" ಅಂದಳು. ಆಮೇಲೆ ಮೆಲ್ಲಗೆ, "ಅಮ್ಮಾ, ಈಗ ನಾನು ಮತ್ತೆ ಕುಳ್ಳಿ ಆದ್ನಲ್ಲ, ಹತ್ತೋದು ಬೇಡ ಅಲ್ವಾ?" ಅಂತ ಕೇಳಿದಳು. ಅಣ್ಣ ಆಡಿಕೊಳ್ಳುತ್ತಾನೆಂದು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ, ಪಾಪ.

ದೊಡ್ಡವನು ಹತ್ತಲಿ. ನೀವು ಕೆಳಗೆ ಅವಳ ಕೈ ಹಿಡಿದು ನಿಂತಿರಿ. ಹತ್ತುವ ಆಸೆ ನಿಮಗೇ ಅಂತ ನನಗೆ ಗೊತ್ತು. ನನ್ನ ರಜೆಯ ದಿನ ನಾವಿಬ್ಬರೇ ಹೋಗೋಣ.