ಎದೆಯ ಮೇಲಿನ ಚೀಟಿ

ತಂಗಿಗೆ ಅಕ್ಕನ ಆಶೀರ್ವಾದ. ಮಂಡಿನೋವು ಬಿಟ್ಟರೆ ನಾನು ಗಟ್ಟಿಮುಟ್ಟಾಗಿದ್ದೇನೆ.

ಇಲ್ಲಿ ನಾನು ಕೆಲಸಕ್ಕಿದ್ದು ನೋಡಿಕೊಳ್ಳುವ ಮನೆಯ ಯಜಮಾನರಿಗೆ ಲಕ್ವ ಹೊಡೆದ ಮೇಲೆ ಸ್ಪ್ಯಾನಿಷ್ ಪೂರ್ತಿ ಮರೆತುಹೋಗಿದೆ; ಚಿಕ್ಕಂದಿನ ಇಂಗ್ಲಿಷ್ ಮಾತ್ರ ಉಳಿದಿದೆ. ಅವರ ಹೆಂಡತಿಗೋ ಇಂಗ್ಲಿಷ್ ಬಾರದು. ನಲವತ್ತು ವರ್ಷದ ಸಂಸಾರ ಈಗ ಕೈಸನ್ನೆಯಲ್ಲಿ ನಡೆದಿದೆ. ಅದಕ್ಕೇ ಮನೆಯ ಸಾಮಾನಿಗೆಲ್ಲ ಚೀಟಿ ಅಂಟಿಸುತ್ತಿದ್ದೇನೆ: ಮೇಲೆ ಇಂಗ್ಲಿಷಿನಲ್ಲಿ ಡೋರ್, ಕೆಳಗೆ ಸ್ಪ್ಯಾನಿಷಿನಲ್ಲಿ ಪುಯೆರ್ತಾ, ಮೇಲೆ ವಾಟರ್, ಕೆಳಗೆ ಆಗ್ವಾ. ನನ್ನ ಸ್ಪ್ಯಾನಿಷ್ ಕಾಗುಣಿತ ತಪ್ಪಿದರೆ ಆಕೆ ಕೆಂಪು ಪೆನ್ನಿನಲ್ಲಿ ತಿದ್ದುತ್ತಾರೆ.

ನಿನ್ನೆ ಆಕೆ ತಮ್ಮ ಎದೆಗೇ ಒಂದು ಚೀಟಿ ಚುಚ್ಚಿಕೊಂಡು ಬಂದು ಗಂಡನೆದುರು ಕೂತರು: ಮೇಲೆ ವೈಫ್, ಕೆಳಗೆ ಎಸ್ಪೋಸಾ. ಯಜಮಾನರು ಮೇಲಿನದನ್ನು ಓದಿದರು. ಆಕೆಯ ಮುಖವನ್ನೇ ತುಂಬ ಹೊತ್ತು ನೋಡಿದರು. ಕೆಳಗಿನದು ಬಾಯಿಗೆ ಬರಲಿಲ್ಲ.

"ಇರ್ಲಿ ಬಿಡು, ನಾಳೆ ಓದ್ತಾರೆ," ಅಂದರು ಆಕೆ ನನಗೆ. ಇವತ್ತು ಉಡುಪು ಬದಲಾಗಿದೆ, ಚೀಟಿ ಅದೇ.

ಅಮ್ಮ "ಯಾರಮ್ಮಾ ನೀನು?" ಅಂದಾಗ ರೇಗಿಬಿಟ್ಟೆ ಅಂತ ಬರೆದಿದ್ದೀಯ. ರೇಗಬೇಡ ಕಣೇ. ಕೇಳಿದಷ್ಟು ಸಲವೂ ಎದುರು ಕೂತು "ನಿನ್ನ ಮಗಳು" ಅನ್ನು. ಕಾಗದದಲ್ಲಿ ಜಾಗ ಮುಗಿಯಿತು. ದೂರದಲ್ಲಿ ಇನ್ನೊಬ್ಬಳಿದ್ದಾಳೆ ಅಂತಲೂ ಹೇಳು.

— ಅಕ್ಕ