ಹೆಣ್ಣುಮಕ್ಕಳ ಕಡೆಯ ಡಬ್ಬಿ

ಹಣಮೇಶ,

ಇವತ್ತು ಶಹಾಪುರದಲ್ಲಿ ನಮ್ಮ ಆರ್ಕೆಸ್ಟ್ರಾಕ್ಕೆ ಹೊಸ ಬೇಸ್ ಆಂಪ್ಲಿಫೈಯರ್ ಕೊಂಡೆ. ನಾಲ್ಕು ಓಮ್‌ನ ಹಳೆಯ ಸ್ಪೀಕರ್ ಡಬ್ಬಿ ಎರಡನ್ನೂ ಇದಕ್ಕೇ ಜೋಡಿಸುತ್ತೇನೆ ಎಂದಾಗ ಅಂಗಡಿಯ ಸಾಬಣ್ಣ ತಡೆದ.

"ಎರಡೂ ಕೂಡಿಸಿದ್ರ ಎರಡೇ ಓಮ್ ಆಗ್ತದ್ರಿ, ಓಮ್ ಇಳದಷ್ಟು ಮಷೀನಿಗೆ ಹೊರಿ ಜಾಸ್ತಿ. ಮಷೀನು ನಾಲ್ಕಕ್ಕಿಂತ ಕೆಳಗ ತಡಿಯಂಗಿಲ್ಲ, ಸುಟ್ಟು ಹೋಗ್ತದ. ಎಂಟರವು ಎರಡು ಒಯ್ರಿ."

ನಮ್ಮ ಹಳೆಯ ಆಂಪ್ಲಿಫೈಯರ್‌ನ ಬೆನ್ನ ಮೇಲೂ ಅದೇ ಬರೆದಿತ್ತು, ನಾನು ಓದಿರಲಿಲ್ಲ. ದೇವಾಪುರದ ಮದುವೆಯಲ್ಲಿ ಹೆಣ್ಣುಮಕ್ಕಳು ಕೂತ ಕಡೆಗೂ ಕೇಳಲೆಂದು ಎರಡನೇ ಡಬ್ಬಿಯ ವೈರು ಚುಚ್ಚಿದವನು ನಾನು. "ಬ್ಯಾಡೋ ಮರಿಲಿಂಗ, ಮಷೀನು ಕಾಯಾಕತ್ತದ" ಅಂದವನು ನೀನು. ಹೊಗೆ ಎದ್ದಾಗ, ಬೀಗರೆಲ್ಲ ನೋಡುತ್ತಿರುವಾಗ, ನೀನೇ ಜೋರಾಗಿ ಬಾರಿಸಿ ಸುಟ್ಟೆ ಎಂದು ನಾನು ನಿನ್ನನ್ನು ಬೈದೆ. ನೀನು ಬೇಸ್ ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಮೂರು ವರ್ಷವಾಯಿತು.

ಎಂಟು ಓಮ್‌ನ ಎರಡು ಡಬ್ಬಿ ತೆಗೆದುಕೊಂಡೆ. ಗಾಡಿಗೆ ಏರಿಸುವಾಗ ಸಾಬಣ್ಣ ಕೇಳಿದ: "ಗಿಟಾರ್ ಬಾರಸಾವ್ರು ಯಾರ್ರಿ? ಒಮ್ಮೆ ಕರ್ಕೊಂಡು ಬರ್ರಿ, ಆವಾಜ್ ನೋಡಿ ಹೊಂದಿಸಿ ಕೊಡ್ತೀನಿ."

"ಹಣಮೇಶ ಅಂತ್ರಿ," ಅಂದೆ. "ಇವತ್ತು ಬಂದಿಲ್ಲ."

ಮರಿಲಿಂಗ