ಟಿಂಗ್ ಎಂದ ಕ್ಯಾಸೆಟ್

ಮಾರ್ಚ್ 9, ಭಾನುವಾರ

ಪ್ರೀತಿಯ ಭಾವನವರಿಗೆ,

ನಮಸ್ಕಾರ. ಉತ್ತರ ತಡವಾಯಿತು, ಬೈಯಬೇಡಿ. ಅಂಗಡಿಗೆ ರೇಡಿಯೋ ರಿಪೇರಿ ಬರುವುದು ಎಂದೋ ನಿಂತಿದೆ, ಹಾಗಾಗಿ ಕೆಲಸದ ನೆಪವನ್ನೂ ಹೇಳುವಂತಿಲ್ಲ. ಬರೆಯಲು ಕೈ ಏಳಲಿಲ್ಲ, ಅಷ್ಟೇ.

ಅಕ್ಕನ ಕಣ್ಣು ಈಗ ಪೂರ್ತಿ ಹೋಗಿದೆ. ನುಣ್ಣಗಿನ ಫೋನು ಅವಳ ಬೆರಳಿಗೆ ಒಗ್ಗುವುದಿಲ್ಲ. ಹಳೆಯ ಟೇಪ್ ರೆಕಾರ್ಡರಿನ ಗುಂಡಿಗಳಾದರೆ ತಡವಿ ಒತ್ತುತ್ತಾಳೆ. ಅದಕ್ಕೇ ನೀವು ಹಡಗಿನ ಅಡುಗೆಮನೆಯಿಂದ ಕಳಿಸಿದ್ದ ಮಾತುಗಳನ್ನೆಲ್ಲ ಕಂಪ್ಯೂಟರಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಟ್ಟೆ. ಕಂಪ್ಯೂಟರಿನ ಇಯರ್‌ಫೋನ್ ತೂತಿಗೆ ವೈರು ಚುಚ್ಚಿ, ರೆಕಾರ್ಡರಿನಲ್ಲಿ ದನಿ ಅಳೆಯುವ ಮುಳ್ಳು ಕೆಂಪಿಗೆ ಹೋಗದಂತೆ ದನಿ ತಗ್ಗಿಸಿ ಕೂತೆ. ನಿಮ್ಮ ಪಾತ್ರೆಗಳ ಸದ್ದಿಗೇ ಮುಳ್ಳು ಕುಣಿಯುತ್ತಿತ್ತು, ಇನ್ನು ನಿಮ್ಮ ಹಾಡಿಗಂತೂ ಕೇಳಬೇಡಿ! ಇದು ಚಿಟಿಕೆ ಹೊಡೆಯುವುದರಲ್ಲಿ ಮುಗಿಯುವ ಕೆಲಸವಲ್ಲ. ನೀವು ಎಷ್ಟು ಹೊತ್ತು ಮಾತಾಡಿದ್ದೀರೋ ಅಷ್ಟು ಹೊತ್ತೂ ಟೇಪು ತಿರುಗಬೇಕು, ನಾನು ಕಾಯಬೇಕು.

ಒಂದು ಎಡವಟ್ಟಾಯಿತು. ನೀವು "ಈ ಸಲ ಬಂದಾಗ ಬಾಲ್ಕನಿ ಬಾಗಿಲು ಸರಿಮಾಡ್ತೀನಿ ಕಣೇ" ಅನ್ನುವ ಕಡೆ ಕಂಪ್ಯೂಟರಿಗೆ ಮೇಲ್ ಬಂದು ಟಿಂಗ್ ಎಂದಿತು. ಆ ಸದ್ದನ್ನು ಮೊದಲೇ ಬಂದ್ ಮಾಡಿಡಲು ಮರೆತಿದ್ದೆ, ಅದೂ ಟೇಪಿಗಿಳಿಯಿತು. ಮೊದಲ ಸಲ ಕೇಳಿದಾಗ ಅಕ್ಕ ಕರೆಗಂಟೆ ಎಂದುಕೊಂಡು, ಗೋಡೆ ಹಿಡಿದು ಹೋಗಿ ಬಾಗಿಲು ತೆಗೆದಳು. ಈಗಲೂ ಪ್ರತಿ ಸಲ ಏಳುತ್ತಾಳೆ.

"ಅಕ್ಕಾ, ಅದು ಗಂಟೆ ಅಲ್ಲ ಕಣೆ. ಪ್ರತಿ ಸಲ ಏಳ್ಬೇಡ" ಎಂದೆ.

"ಗೊತ್ತು ಕಣೋ. ಕಣ್ಣು ಹೋಗಿದೆ, ಬುದ್ಧಿ ಹೋಗಿಲ್ಲ" ಎಂದು ರೇಗಿದಳು. ಆಮೇಲೆ ಮೆಲ್ಲಗೆ, "ಇರ್ಲಿ ಬಿಡು. ಒಂದಿನ ನಿಜವಾಗ್ಲೂ ಅವರೇ ಬಂದು ಗಂಟೆ ಒತ್ತಿದಾಗ, ಟೇಪಿಂದು ಅಂದ್ಕೊಂಡು ನಾನು ಕೂತೇ ಇದ್ರೆ?" ಎಂದಳು.

ಹೊಸ ಮಾತು ಯಾಕೆ ಬಂದಿಲ್ಲ ಎಂದು ಕೇಳುತ್ತಾಳೆ, ಹಡಗಿಗೆ ಸಿಗ್ನಲ್ ಸಿಗುತ್ತಿಲ್ಲ ಎನ್ನುತ್ತೇನೆ. ಹಾಕಿ ಹಾಕಿ ಟೇಪು ಸವೆಯುತ್ತಿದೆ. ನಿಮ್ಮ ದನಿ ಮಂಕಾಗಿದೆ, ಟಿಂಗ್ ಮಾತ್ರ ಇನ್ನೂ ಚೆನ್ನಾಗಿ ಕೇಳುತ್ತದೆ.

ಎಲ್ಲಿದ್ದರೂ ತಣ್ಣಗಿರಿ ಭಾವ.

ನಿಮ್ಮ ಬಾಮೈದ

ತಾ.ಕ.: ಆ ಟಿಂಗ್ ನಿಮ್ಮದೇ ಮೇಲ್. ಬೇರೆ ಊರಿನಲ್ಲಿ ಬೇರೊಬ್ಬಳ ಜೊತೆ ಸಂಸಾರ ಹೂಡಿದ್ದೇನೆ, ಇನ್ನು ಬರುವುದಿಲ್ಲ, ನೀನೇ ಅವಳಿಗೆ ನಿಧಾನವಾಗಿ ತಿಳಿಸು ಎಂದು ಬರೆದಿದ್ದಿರಿ. ಓದಿದೆ. ಪಕ್ಕದ ಕೋಣೆಯಲ್ಲಿ ಅಕ್ಕ ಕಾಯುತ್ತಿದ್ದಳು, ಟೇಪು ನಿಲ್ಲಿಸಲಿಲ್ಲ. ಇನ್ನೂ ತಿಳಿಸಿಲ್ಲ. ನೀವು ಬರುವುದಿಲ್ಲ ಎಂಬ ಸುದ್ದಿಗೇ ಅವಳು ದಿನವೂ ಎದ್ದು ಬಾಗಿಲು ತೆಗೆಯುತ್ತಿದ್ದಾಳೆ.